ಆರ್‌ವಿಯಲ್ಲೇ ವಾಸ, ವಿಳಾಸ ಯಾವುದು?

ಕ್ಯಾಲಿಫೋರ್ನಿಯಾದ ಮನೆ ಮಾರಿ ನಾನೂ ಹೆಂಡತಿಯೂ ಆರ್‌ವಿ (ಒಳಗೇ ವಾಸಿಸಬಹುದಾದ ಮನೆಯಂಥ ಗಾಡಿ) ಹತ್ತಿದೆವು. ತಕ್ಷಣ ಎದುರಾದ ಪ್ರಶ್ನೆ: ಫಾರ್ಮ್‌ನಲ್ಲಿ ವಿಳಾಸ ಏನಂತ ಬರೆಯೋದು? ಲೈಸೆನ್ಸ್, ಗಾಡಿ ನೋಂದಣಿ, ವಿಮೆ, ತೆರಿಗೆ ಎಲ್ಲಕ್ಕೂ ಅದೇ ಬೇಕು.

ವಿಳಾಸಕ್ಕಾಗಿ ಆರ್‌ವಿಯವರು ಹೆಚ್ಚಾಗಿ ಆರಿಸುವ ರಾಜ್ಯಗಳು ಟೆಕ್ಸಸ್, ಫ್ಲೋರಿಡಾ, ಸೌತ್ ಡಕೋಟಾ. ಮೂರರಲ್ಲೂ ರಾಜ್ಯದ ಆದಾಯ ತೆರಿಗೆ ಇಲ್ಲ. ಆದರೆ ನನ್ನ ಪ್ರಕಾರ ಮೊದಲು ನೋಡಬೇಕಾದ್ದು ಆರೋಗ್ಯ ವಿಮೆ. 65 ಆಗದವರಿಗೆ ಪ್ಲಾನ್ ಸಿಗುವುದು ವಿಳಾಸದ ಜಿಪ್ ಕೋಡ್ (ಅಲ್ಲಿನ ಪಿನ್ ಕೋಡ್) ನೋಡಿ. ಎಷ್ಟೋ ಪ್ಲಾನ್‌ಗಳು ರಾಜ್ಯದ ಹೊರಗೆ ತುರ್ತು ಚಿಕಿತ್ಸೆ ಬಿಟ್ಟರೆ ಜಾಸ್ತಿ ಏನೂ ಕೊಡುವುದಿಲ್ಲ. ನಮಗೆ ಮೆಡಿಕೇರ್ (65 ಆದವರಿಗೆ ಅಮೆರಿಕ ಸರ್ಕಾರ ಕೊಡುವ, ದೇಶದಾದ್ಯಂತ ನಡೆಯುವ ವಿಮೆ) ಇತ್ತು, ಹಾಗಾಗಿ ಸೌತ್ ಡಕೋಟಾ ಸಾಕಾಯಿತು.

ಅಲ್ಲಿ ಅಂಚೆ ಪಡೆದು ನಾವಿದ್ದಲ್ಲಿಗೆ ಕಳಿಸುವ ಸೇವೆಯೊಂದರಲ್ಲಿ ಪೆಟ್ಟಿಗೆ ತೆಗೆದುಕೊಂಡೆವು. ಕ್ಯಾಂಪ್‌ಗ್ರೌಂಡ್‌ನಲ್ಲಿ ಒಂದು ರಾತ್ರಿ ತಂಗಿದ ರಸೀದಿ ತೋರಿಸಿ, ಅಫಿಡವಿಟ್ ಬರೆದುಕೊಟ್ಟು ಲೈಸೆನ್ಸ್ ಪಡೆದೆವು. ಇಷ್ಟು ಸಲೀಸು ಅಂತ ನಂಬಲೇ ಆಗಲಿಲ್ಲ!

ತಲೆನೋವು ಕೊಟ್ಟಿದ್ದು ಹಳೆಯ ಬ್ಯಾಂಕ್. ನಮ್ಮ ಹೊಸ ವಿಳಾಸ ಮನೆಯದಲ್ಲ, ಬರೀ ಅಂಚೆ ಪೆಟ್ಟಿಗೆ ಅಂತ ಅವರ ಕಂಪ್ಯೂಟರ್‌ಗೆ ಗೊತ್ತಾಗಿಬಿಡುತ್ತದೆ, ಒಪ್ಪುವುದಿಲ್ಲ. ಸುಮ್ನೆ ವಾದ ಮಾಡದೆ, ಅಲ್ಲಿನದೇ ಒಂದು ಸಣ್ಣ ಬ್ಯಾಂಕ್‌ಗೆ ಹೋದೆವು. ಅವರಿಗೆ ನಮ್ಮಂಥವರು ಹೊಸಬರಲ್ಲ. ಲೈಸೆನ್ಸ್ ನೋಡಿ ಖಾತೆ ತೆರೆದರು.

ಕ್ಯಾಲಿಫೋರ್ನಿಯಾ ಮಾತ್ರ ಅಷ್ಟು ಸುಲಭಕ್ಕೆ ಕೈಬಿಡುವುದಿಲ್ಲ. ಮತದಾರರ ಪಟ್ಟಿ, ಗಾಡಿ ನೋಂದಣಿ, ಡಾಕ್ಟರು ಎಲ್ಲ ಅಲ್ಲೇ ಉಳಿದರೆ, ನೀವಿನ್ನೂ ಇಲ್ಲಿಯವರೇ ಅಲ್ಲವೇ ಅಂತ ಅಲ್ಲಿನ ತೆರಿಗೆ ಇಲಾಖೆ ಕೇಳುತ್ತದೆ. ಒಂದೊಂದೇ ಬದಲಿಸಿದೆವು. ಹೆಂಡತಿಯದು ಗ್ರೀನ್ ಕಾರ್ಡ್ ಆದ್ದರಿಂದ, ವಿಳಾಸ ಬದಲಾದ 10 ದಿನದೊಳಗೆ ವಲಸೆ ಇಲಾಖೆಗೆ ಎಆರ್-11 ಫಾರ್ಮ್ ಕೂಡ ಸಲ್ಲಿಸಿದಳು.