ಅಮೆರಿಕದ ಕಾಲೇಜ್ ಫುಟ್‌ಬಾಲ್ ಕಾನ್ಫರೆನ್ಸ್ ಗೊಂದಲ: ಪುಣೇಲಿ ಕೂತು ಫಾಲೋ ಮಾಡೋದು ಹೇಗೆ

ಕೊಥ್ರೂಡ್, ಹಿಂಜವಡಿ ಕಡೆ ಎಷ್ಟೋ ಕನ್ನಡದವ್ರ ಮಕ್ಕಳು ಅಮೆರಿಕದಲ್ಲಿ ಓದ್ತಿದಾರೆ, ಅವ್ರ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ (ನಮ್ಮ ಕಾಲ್ಚೆಂಡು ಅಲ್ಲ) ಮ್ಯಾಚ್ ನೋಡ್ಬೇಕಂದ್ರೆ ಮೊದ್ಲು ಹಳೇ ಲೆಕ್ಕ ಬಿಟ್ಬಿಡಿ. ಟೀಮ್ ಈಗ ಯಾವ ಕಾನ್ಫರೆನ್ಸಲ್ಲಿದೆ (ಕಾನ್ಫರೆನ್ಸ್ ಅಂದ್ರೆ ತಮ್ಮತಮ್ಮಲ್ಲೇ ಲೀಗ್ ಆಡೋ ಕಾಲೇಜ್‌ಗಳ ಗುಂಪು) ಅಂತ ನೋಡಿ, ಹೆಸರು ನೋಡಿ ಊಹೆ ಮಾಡ್ಬೇಡಿ. ಬಿಗ್ ಟೆನ್ ಅನ್ನೋ ಕಾನ್ಫರೆನ್ಸಲ್ಲಿ 2024ರಿಂದ 18 ಟೀಮ್, ಯುಸಿಎಲ್‌ಎ (ಲಾಸ್ ಏಂಜಲೀಸಿನ ಯೂನಿವರ್ಸಿಟಿ), ಒರೆಗಾನ್ ಅಲ್ಲಿಗೇ ಹೋದ್ವು, ಟೆಕ್ಸಾಸ್, ಒಕ್ಲಹೋಮ ಎಸ್‌ಇಸಿ (ಸೌತ್‌ಈಸ್ಟರ್ನ್ ಕಾನ್ಫರೆನ್ಸ್) ಕಡೆಗೆ, ಆ ವರ್ಷ ಪ್ಯಾಕ್-12 ಅನ್ನೋ ಕಾನ್ಫರೆನ್ಸಲ್ಲಿ ಉಳಿದಿದ್ದು ಬರೀ ಎರಡು ಟೀಮ್. ಮುಖ್ಯ ಕಾರಣ ಟಿವಿ ದುಡ್ಡು.

ಆಮೇಲೆ ಟೈಮ್. ಸೆಪ್ಟೆಂಬರಲ್ಲಿ ನ್ಯೂಯಾರ್ಕ್ ಟೈಮ್ ಶನಿವಾರ ಮಧ್ಯಾಹ್ನ 12 ಅಂದ್ರೆ ನಮ್ಗೆ ರಾತ್ರಿ 9:30, ಊಟ ಮುಗ್ಸಿ ಕೂರ್ಬಹುದು, ಸಂಜೆ 7:30 ಅಂದ್ರೆ ಭಾನುವಾರ ಬೆಳಗ್ಗೆ 5 ಗಂಟೆ. ನವೆಂಬರ್ ಮೊದಲ ವಾರದಲ್ಲಿ ಅವ್ರ ಗಡಿಯಾರ ಬದಲಾಗುತ್ತೆ, ಆಗ ಒಂದು ಗಂಟೆ ಸೇರಿಸ್ಕೊಳ್ಳಿ.

ಪಾಯಿಂಟ್ಸ್ ಟೇಬಲ್ ನೋಡೋವಾಗ ಕಾನ್ಫರೆನ್ಸ್ ಒಳಗಿನ ಗೆಲುವು-ಸೋಲು ಬೇರೆ ನೋಡಿ, ಬಿಗ್ ಟೆನ್, ಎಸ್‌ಇಸಿ ಎರಡರಲ್ಲೂ ಈಗ ಡಿವಿಷನ್ (ಒಳಗುಂಪು) ಇಲ್ಲ, ಮೇಲಿನ ಎರಡು ಟೀಮ್ ಕಾನ್ಫರೆನ್ಸ್ ಫೈನಲ್‌ಗೆ.

ನನಗೆ ನಿಜವಾಗ್ಲೂ ಬೇಜಾರಾಗೋದು ವಾಲಿಬಾಲ್, ಸಾಫ್ಟ್‌ಬಾಲ್ ಆಡೋ ಮಕ್ಕಳ ಬಗ್ಗೆ. ಫುಟ್‌ಬಾಲ್‌ಗೋಸ್ಕರ ಮಾಡಿದ ಬದಲಾವಣೆಗೆ ಅವ್ರು ಲಾಸ್ ಏಂಜಲೀಸಿಂದ ನ್ಯೂಜೆರ್ಸಿವರೆಗೂ ಕ್ಲಾಸ್ ಬಿಟ್ಟು ಹಾರ್ಬೇಕು. ನಿಮ್ಮ ಮಗನೋ ಮಗಳೋ ಆಟದ ಆಧಾರದ ಮೇಲೆ ಅಡ್ಮಿಷನ್ ತಗೊಳ್ಳೋದಿದ್ರೆ ಟ್ರಾವೆಲ್ ಶೆಡ್ಯೂಲ್ ಮೊದ್ಲೇ ಕೇಳ್ಕೊಳ್ಳಿ.