ಡೇಟೋನಾದಲ್ಲಿ ಗಾಳಿಯನ್ನು ನೋಡಲು ಕಲಿತದ್ದು

ನಾನು ಅಮೆರಿಕದ ಶಾರ್ಲೆಟ್ ನಗರದ ಬ್ಯಾಂಕೊಂದರಲ್ಲಿ ಉದ್ಯೋಗಿ. ಸ್ಟಾಕ್ ಕಾರ್, ಅಂದರೆ ಸಾಮಾನ್ಯ ಕಾರಿನ ರೂಪದ ರೇಸ್ ಕಾರುಗಳ ಪಂದ್ಯ ನಡೆಸುವ ನಾಸ್ಕಾರ್ ಸಂಸ್ಥೆಯ ತಂಡಗಳಲ್ಲಿ ಹೆಚ್ಚಿನವುಗಳ ಕಾರ್ಯಾಗಾರಗಳು ಈ ಊರಿನ ಆಸುಪಾಸಿನಲ್ಲೇ ಇರುವುದರಿಂದ, ಇಲ್ಲಿಗೆ ಬಂದ ಕೆಲವೇ ದಿನಗಳಲ್ಲಿ ಸ್ಟಾಕ್ ಕಾರ್ ರೇಸಿನ ಗೀಳು ನನಗೂ ಹತ್ತಿತು. ಋತುವಿನ ಆರಂಭದ ಪಂದ್ಯವಾದ ಡೇಟೋನಾ 500 ಅನ್ನು ಕಣ್ಣಾರೆ ಕಾಣಬೇಕೆಂದು 2022ರಿಂದ ಪ್ರತಿ ಫೆಬ್ರುವರಿಯಲ್ಲಿ ಏಳು ತಾಸು ಕಾರು ಓಡಿಸಿಕೊಂಡು ಫ್ಲಾರಿಡಾಕ್ಕೆ ಹೋಗುತ್ತಿದ್ದೇನೆ.

ಮೊದಲ ವರ್ಷ ಟ್ರ್ಯಾಕಿಗೆ ಆದಷ್ಟು ಹತ್ತಿರವಿರಬೇಕೆಂಬ ಆಸೆಯಿಂದ ತಂತಿಬೇಲಿಯ ಬಳಿಯ ಕೆಳಸಾಲಿನಲ್ಲಿ ಕುಳಿತೆ. ಅದು ತಪ್ಪು ಲೆಕ್ಕ. ಗಂಟೆಗೆ ಸುಮಾರು 300 ಕಿಲೋಮೀಟರ್ ವೇಗದಲ್ಲಿ ನಲವತ್ತು ಕಾರುಗಳು ಕಣ್ಣೆದುರು ಹಾದುಹೋಗಲು ಕೆಲವು ಕ್ಷಣಗಳು ಸಾಕು. ಉಳಿದ ಮುಕ್ಕಾಲು ನಿಮಿಷ ಅವು ಎಲ್ಲಿವೆ, ಯಾರು ಯಾರನ್ನು ಹಿಂದಿಕ್ಕಿದರು ಎಂಬುದು ತಿಳಿಯುವುದಿಲ್ಲ. ಹೊಟ್ಟೆ ಹಸಿದು ಮೊಸರನ್ನದ ಡಬ್ಬಿ ತೆರೆದಿಟ್ಟುಕೊಂಡಾಗ ಟೈರುಗಳಿಂದ ಸಿಡಿದ ಕಪ್ಪು ರಬ್ಬರಿನ ಚೂರುಗಳು ಎಳ್ಳು ಉದುರಿಸಿದಂತೆ ಅನ್ನದ ಮೇಲೆ ಬಿದ್ದವು. ಮರುವರ್ಷದಿಂದ ನಾನು ಮೇಲಿನ ಸಾಲುಗಳನ್ನೇ ಆರಿಸಿಕೊಳ್ಳುತ್ತಿದ್ದೇನೆ. ಅಲ್ಲಿಂದ ಎರಡೂವರೆ ಮೈಲಿಯ ಇಡೀ ಟ್ರ್ಯಾಕ್, 31 ಡಿಗ್ರಿ ಓರೆಯಾಗಿ ಎದ್ದುನಿಂತ ತಿರುವುಗಳು, ಆ ತಿರುವುಗಳಿಗಾಗಿ ಮಣ್ಣು ತೆಗೆದ ಗುಂಡಿಯೇ ಕೆರೆಯಾದ ಲೇಕ್ ಲಾಯ್ಡ್, ಎಲ್ಲವೂ ಒಂದೇ ನೋಟಕ್ಕೆ ಸಿಗುತ್ತವೆ.

ಮೇಲೆ ಕುಳಿತ ಮೇಲೆಯೇ ಈ ಪಂದ್ಯ ಗಾಳಿಯ ಆಟವೆಂಬುದು ನನಗೆ ಹೊಳೆದದ್ದು. ಚಿತ್ರದುರ್ಗದ ಸೀಮೆಯಲ್ಲಿ ಬೆಳೆದವನಾದ್ದರಿಂದ ಎದುರುಗಾಳಿಯ ಪರಿಚಯ ನನಗೆ ಚೆನ್ನಾಗಿದೆ. ಶಾಲೆಯಿಂದ ಸೈಕಲ್ಲಿನಲ್ಲಿ ಬರುವಾಗ ಟ್ರ್ಯಾಕ್ಟರಿನ ಹಿಂದೆ ಸೇರಿಕೊಂಡರೆ ಪೆಡಲ್ ಇದ್ದಕ್ಕಿದ್ದಂತೆ ಹಗುರವಾಗುತ್ತಿತ್ತು. ಇಲ್ಲಿ ಡ್ರಾಫ್ಟಿಂಗ್ ಎಂದು ಕರೆಯುವುದು ಅದನ್ನೇ. ಆದರೆ ಇಲ್ಲಿ ಹಿಂದಿನ ಕಾರಿಗೆ ಮಾತ್ರವಲ್ಲದೆ ಮುಂದಿನ ಕಾರಿಗೂ ಲಾಭವಿದೆ, ಏಕೆಂದರೆ ಹಿಂದೆ ಒತ್ತಿ ನಿಂತ ಕಾರು ಮುಂದಿನದರ ಬೆನ್ನಿಗೆ ಜಗ್ಗುವ ಗಾಳಿಯನ್ನು ಕಡಿಮೆ ಮಾಡುತ್ತದೆ. 1987ರಲ್ಲಿ ಅಲಬಾಮಾದ ಟಲಡೇಗಾ ಟ್ರ್ಯಾಕಿನಲ್ಲಿ ಚಾಲಕ ಬಾಬಿ ಆಲಿಸನ್ ಅವರ ಕಾರು ಮೇಲಕ್ಕೆದ್ದು ಪ್ರೇಕ್ಷಕರ ಮುಂದಿನ ಬೇಲಿಯನ್ನು ಹರಿದ ನಂತರ, ಮರುವರ್ಷದಿಂದ ಎಂಜಿನ್ನಿಗೆ ಹೋಗುವ ಗಾಳಿಯನ್ನು ತಡೆಯುವ ತಟ್ಟೆಯನ್ನು ಕಡ್ಡಾಯ ಮಾಡಲಾಯಿತು. 2019ರ ಡೇಟೋನಾ 500ರ ಬಳಿಕ ಆ ತಟ್ಟೆ ಹೋಗಿ ಬೇರೆ ಸಾಧನ ಬಂದಿದ್ದರೂ ಎಂಜಿನ್ನಿನ ಶಕ್ತಿಗೆ ಕಡಿವಾಣ ಹಾಗೆಯೇ ಉಳಿದಿದೆ. ಹೀಗೆ ಎಲ್ಲ ಕಾರುಗಳ ಶಕ್ತಿಯೂ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಒಂಟಿಯಾಗಿ ತಪ್ಪಿಸಿಕೊಂಡು ಹೋಗುವುದು ಯಾರಿಂದಲೂ ಆಗುವುದಿಲ್ಲ. ಸಾಲು ಬಿಟ್ಟವನು ಸಂಗಾತಿ ಸಿಗದಿದ್ದರೆ ಒಂದೇ ಸುತ್ತಿನಲ್ಲಿ ಹತ್ತು ಹದಿನೈದು ಸ್ಥಾನ ಜಾರುತ್ತಾನೆ.

ಆದ್ದರಿಂದ ನಾನು ಮೊದಲ ಸ್ಥಾನದ ಕಾರನ್ನು ನೋಡುವುದನ್ನು ಬಿಟ್ಟೆ. ಪ್ರತಿ ಸಾಲಿನ ಎರಡನೆಯ ಮತ್ತು ಮೂರನೆಯ ಕಾರುಗಳ ಮೇಲೆ ಕಣ್ಣಿಡುತ್ತೇನೆ, ಏಕೆಂದರೆ ಮುಂದಿರುವವನನ್ನು ತಳ್ಳುವುದೋ ಕೈಬಿಡುವುದೋ ಎಂದು ತೀರ್ಮಾನಿಸುವವರು ಅವರು. ಜೊತೆಗೆ ಬಾಡಿಗೆಗೆ ಸಿಗುವ ಸ್ಕ್ಯಾನರ್ ಹೆಡ್‌ಫೋನಿನಲ್ಲಿ ಪಂದ್ಯದುದ್ದಕ್ಕೂ ಒಬ್ಬನೇ ಚಾಲಕನ ತಂಡದ ಮಾತು ಕೇಳುತ್ತೇನೆ. ಪ್ರೇಕ್ಷಕರ ಗ್ಯಾಲರಿಯ ನೆತ್ತಿಯಲ್ಲಿ ನಿಂತು, ಅಕ್ಕಪಕ್ಕದಲ್ಲಿ ಕಾರು ಇದೆಯೇ ಎಂದು ಚಾಲಕನಿಗೆ ರೇಡಿಯೋದಲ್ಲಿ ತಿಳಿಸುವ ಸ್ಪಾಟರ್ "ಇನ್‌ಸೈಡ್, ಸ್ಟಿಲ್ ಇನ್‌ಸೈಡ್, ಕ್ಲಿಯರ್" ಎಂದು ಉಸಿರು ಬಿಡದೆ ಹೇಳುತ್ತಿರುತ್ತಾನೆ. ಆ ದನಿ ಕಿವಿಯಲ್ಲಿದ್ದಾಗ, ಎರಡು ಸಾಲುಗಳ ನಡುವೆ ಒಂದು ಕಾರಿನಷ್ಟು ಜಾಗ ತೆರೆದು ಮುಚ್ಚುವುದು ಎಷ್ಟು ದೊಡ್ಡ ಸಂಗತಿಯೆಂದು ತಿಳಿಯುತ್ತದೆ.

2024ರಲ್ಲಿ ಮಳೆಯಿಂದಾಗಿ ಭಾನುವಾರದ ಪಂದ್ಯ ಸೋಮವಾರಕ್ಕೆ ಹೋಯಿತು. ಅಂದು ಪ್ರೆಸಿಡೆಂಟ್ಸ್ ಡೇ, ಬ್ಯಾಂಕಿಗೆ ರಜೆ, ಉಳಿದುಕೊಂಡೆ. ಕೊನೆಯ ಹತ್ತು ಸುತ್ತುಗಳೂ ಉಳಿದಿರದಿದ್ದಾಗ ಅಲೆಕ್ಸ್ ಬೌಮನ್ ತಮ್ಮದೇ ತಂಡದ ವಿಲಿಯಂ ಬೈರನ್ ಅವರ ಕಾರನ್ನು ಹಿಂದಿನಿಂದ ತಳ್ಳಿದರು. ಬೈರನ್ ಅವರ ಕಾರು ಹಿಡಿತ ತಪ್ಪಿ ಬ್ರಾಡ್ ಕೆಸೆಲೋವ್ಸ್ಕಿ ಅವರ ಕಾರಿಗೆ ತಾಗಿತು, ಕ್ಷಣಾರ್ಧದಲ್ಲಿ ಇಪ್ಪತ್ತಕ್ಕೂ ಹೆಚ್ಚು ಕಾರುಗಳು ಹೊಗೆಯಲ್ಲಿ ಮುಚ್ಚಿಹೋದವು. ಕೊನೆಗೆ ಗೆದ್ದವರು ಬೈರನ್, ಎರಡನೆಯವರು ಬೌಮನ್. ಇದನ್ನು ಬರಿಯ ಅದೃಷ್ಟವೆನ್ನುವವರನ್ನು ನಾನು ಒಪ್ಪುವುದಿಲ್ಲ. ತಳ್ಳಿದ್ದು ಸ್ವಲ್ಪ ಓರೆಯಾಯಿತು, ಅಷ್ಟೇ. ಆದರೆ ತಳ್ಳದೆ ಇದ್ದಿದ್ದರೆ ಆ ಸಾಲು ಮುಂದೆ ಹೋಗುತ್ತಿರಲಿಲ್ಲ.

ಜನ ಅಪಘಾತ ನೋಡಲೆಂದೇ ಇಲ್ಲಿಗೆ ಬರುತ್ತಾರೆ ಎಂಬ ಮಾತೂ ನನಗೆ ನೋವು ಕೊಡುತ್ತದೆ. 2001ರಲ್ಲಿ ಇದೇ ಪಂದ್ಯದ ಕೊನೆಯ ಸುತ್ತಿನ ಕೊನೆಯ ತಿರುವಿನಲ್ಲಿ ಹೆಸರಾಂತ ಚಾಲಕ ಡೇಲ್ ಅರ್ನ್‌ಹಾರ್ಟ್ ಅಪಘಾತದಲ್ಲಿ ತೀರಿಕೊಂಡರು. ತಲೆ ಮತ್ತು ಕುತ್ತಿಗೆಯನ್ನು ಬಿಗಿಹಿಡಿಯುವ ಸಾಧನ ಅದೇ ವರ್ಷ ಕಡ್ಡಾಯವಾಯಿತು. 2020ರಲ್ಲಿ ಗೆಲುವಿನ ಗೆರೆಯ ಸಮೀಪ ರಯಾನ್ ನ್ಯೂಮನ್ ಅವರ ಕಾರು ಮಗುಚಿ ಬಿದ್ದಾಗ ಟಿ.ವಿ. ಮುಂದೆ ಕೈಮುಗಿದು ಕುಳಿತಿದ್ದೆ. ಎರಡು ದಿನಗಳ ನಂತರ ಅವರು ತಮ್ಮ ಇಬ್ಬರು ಹೆಣ್ಣುಮಕ್ಕಳ ಕೈಹಿಡಿದು ಆಸ್ಪತ್ರೆಯಿಂದ ಹೊರಬರುವ ಚಿತ್ರ ನೋಡಿದ ಮೇಲೆಯೇ ಮನಸ್ಸು ತಿಳಿಯಾದದ್ದು.

ನನಗೆ ನಿಜವಾದ ಅಸಮಾಧಾನವಿರುವುದು ಇಂಧನ ಉಳಿಸುವ ಓಟದ ಬಗ್ಗೆ. ಪಿಟ್ಟಿನಲ್ಲಿ, ಅಂದರೆ ಪಂದ್ಯದ ನಡುವೆ ಕಾರು ನಿಲ್ಲಿಸುವ ಜಾಗದಲ್ಲಿ, ಇಂಧನ ತುಂಬಿಸಿಕೊಳ್ಳುವ ಸಮಯವನ್ನು ಕೆಲವು ಸೆಕೆಂಡಾದರೂ ಉಳಿಸಬೇಕೆಂದು, ಪಂದ್ಯದ ನಡುಭಾಗದಲ್ಲಿ ಎಲ್ಲರೂ ಆಕ್ಸಿಲರೇಟರನ್ನು ಪೂರ್ತಿ ಒತ್ತದೆ ಸಾಲಾಗಿ ಸಾಗುತ್ತಾರೆ. ಪಿಟ್ಟಿನ ಲೆಕ್ಕಾಚಾರವಾಗಿ ಅದು ಸರಿಯೇ ಇರಬಹುದು, ಆದರೆ ವರ್ಷವಿಡೀ ಕಾದು ಬಂದವನಿಗೆ ಅದು ಓಟವೆನಿಸುವುದಿಲ್ಲ. ನಿಯಮ ರೂಪಿಸುವವರು ಮೊದಲು ಕೈಹಾಕಬೇಕಾದದ್ದು ಇದಕ್ಕೆ.

2025ರಲ್ಲೂ ಮಳೆ ಬಂದು, ಪಂದ್ಯ ಮುಗಿಯುವಾಗ ಕತ್ತಲಾಗಿತ್ತು. ಕೊನೆಯ ಸುತ್ತಿನಲ್ಲಿ ಸುತ್ತಲಿನವರೆಲ್ಲರೂ ಮುಂಚೂಣಿಯಲ್ಲಿದ್ದ ಡೆನಿ ಹ್ಯಾಮ್ಲಿನ್ ಅವರನ್ನು ನೋಡುತ್ತಿದ್ದರು. ನನ್ನ ಕಣ್ಣು ಹಿಂದಿದ್ದ ಕಾರುಗಳ ಮೇಲಿತ್ತು. ಮುಂದಿನವರು ಒಬ್ಬರಿಗೊಬ್ಬರು ತಾಗಿ ಚದುರಿದಾಗ, ಹೊರಬದಿಯಿಂದ ಬೈರನ್ ಅವರ 24ನೆಯ ನಂಬರಿನ ಕಾರು ಬಿಟ್ಟ ಬಾಣದಂತೆ ಸಾಗಿತು. ಪಕ್ಕದಲ್ಲಿದ್ದ ಹಿರಿಯರೊಬ್ಬರು ನನ್ನ ತೋಳು ಹಿಡಿದು ಯಾರು ಗೆದ್ದರೆಂದು ಕೇಳುವ ಹೊತ್ತಿಗೆ, ನಾನು ಅವರಿಗೆ ಎರಡು ಮತ್ತು ನಾಲ್ಕು ಬೆರಳುಗಳನ್ನು ಒಂದರ ಹಿಂದೆ ಒಂದರಂತೆ ಎತ್ತಿ ತೋರಿಸುತ್ತಿದ್ದೆ.