ದೋಸೆ ಹಂಚಿನ ಮೇಲೆ ಮಂಗಳವಾರದ ಪಿಜ್ಜಾ

ಮಂಗಳವಾರ ರಾತ್ರಿ ಅಡುಗೆ ನನ್ನ ಪಾಳಿ. ಹೆಂಡತಿ ಡ್ಯೂಟಿ ಮುಗಿಸಿ ಬರುವಾಗ ಒಂಬತ್ತೂವರೆ ಆಗುತ್ತದೆ. ನಾನು ಏಳಕ್ಕೆ ದಾವಣಗೆರೆ ನಿಟುವಳ್ಳಿಯ ಮನೆ ಸೇರುತ್ತೇನೆ, ಮಕ್ಕಳಿಬ್ಬರು ಎಂಟಕ್ಕೆಲ್ಲ ಹಸಿವು ಅಂತ ಶುರು ಮಾಡುತ್ತಾರೆ. ಯೀಸ್ಟ್ ಹಾಕಿ ಹಿಟ್ಟು ಉಬ್ಬಲಿ ಅಂತ ಕಾಯುವಷ್ಟು ಹೊತ್ತಿಲ್ಲ. ಓವನ್ನೂ ಇಲ್ಲ. ಇರುವುದು ಅವ್ವನ ಬೀಡಿನ ಹಂಚು, ಬೆಣ್ಣೆ ದೋಸೆ ಹುಯ್ದು ಹುಯ್ದು ಕರ್ರಗೆ ಮಿರುಗುವಂಥದ್ದು. ಪಿಜ್ಜಾಕ್ಕೆ ಅದೇ ಸಾಕು.

ಮೊದಲು ಹಿಟ್ಟು. ಎರಡು ಕಪ್ ಮೈದಾ, ಎರಡು ಟೀ ಚಮಚ ಬೇಕಿಂಗ್ ಪೌಡರ್, ಮುಕ್ಕಾಲು ಚಮಚ ಉಪ್ಪು, ಒಂದು ಚಮಚ ಸಕ್ಕರೆ ಕಲಸಿಕೊಳ್ಳಿ. ಮುಕ್ಕಾಲು ಕಪ್ ಗಟ್ಟಿ ಮೊಸರು ಸ್ವಲ್ಪ ಸ್ವಲ್ಪವಾಗಿ ಹಾಕುತ್ತಾ ನಾದಿ, ಕೊನೆಗೆ ಎರಡು ಚಮಚ ಎಣ್ಣೆ. ಚಪಾತಿ ಹಿಟ್ಟಿಗಿಂತ ಒಂದು ಹದ ಮೆತ್ತಗಿರಲಿ. ಒದ್ದೆ ಬಟ್ಟೆ ಮುಚ್ಚಿ ಹದಿನೈದು ನಿಮಿಷ ಬಿಡಿ, ಅದಕ್ಕಿಂತ ಜಾಸ್ತಿ ಬೇಡ. ಬೇಕಿಂಗ್ ಪೌಡರ್‌ಗೆ ಒದ್ದೆ ತಾಗಿದ ಕೂಡಲೇ ಗಾಳಿಗುಳ್ಳೆ ಏಳಲು ಶುರು. ಗಂಟೆಗಟ್ಟಲೆ ಇಟ್ಟರೆ ಅದರ ಶಕ್ತಿಯೆಲ್ಲ ಸುಮ್ನೆ ಹೋಗುತ್ತದೆ. ಡಬ್ಬಿ ಹಳೆಯದಾಗಿದ್ದರೆ ಅರ್ಧ ಚಮಚ ಪುಡಿಯನ್ನು ಬಿಸಿನೀರಿಗೆ ಹಾಕಿ ನೋಡಿ. ಭರ್ರನೆ ನೊರೆ ಬರದಿದ್ದರೆ ಎಸೆಯಿರಿ.

ಹಿಟ್ಟು ನೆನೆಯುವಾಗ ಸಾಸ್ ಮಾಡಿಕೊಳ್ಳುತ್ತೇನೆ. ನಾಲ್ಕು ಟೊಮೆಟೊ ತುರಿದು ಸಿಪ್ಪೆ ಬಿಡುತ್ತೇನೆ. ಎಣ್ಣೆಯಲ್ಲಿ ಆರು ಎಸಳು ಬೆಳ್ಳುಳ್ಳಿ ಜಜ್ಜಿ ಹಾಕಿ, ಟೊಮೆಟೊ, ಉಪ್ಪು, ಚೂರು ಬೆಲ್ಲ, ಒಂದು ಚಮಚ ಬ್ಯಾಡಗಿ ಖಾರದ ಪುಡಿ. ಬ್ಯಾಡಗಿ ಯಾಕೆಂದರೆ ಬಣ್ಣ ಚೆನ್ನಾಗಿ ಬರುತ್ತದೆ, ಮಕ್ಕಳ ಬಾಯಿ ಉರಿಯುವುದಿಲ್ಲ. ಚಟ್ನಿಯಷ್ಟು ಗಟ್ಟಿಯಾಗುವ ತನಕ ಬಾಡಿಸಿ. ಇದಕ್ಕೆ ಬೇರೆ ಬಾಣಲೆ ಬೇಕು. ಹಂಚಿನ ಮೇಲೆ ಟೊಮೆಟೊ ಹುಳಿ ಬಿದ್ದರೆ ಅದರ ಪಳಗು ಹೋಗುತ್ತದೆ. ನಾನು ಒಮ್ಮೆ ಆ ತಪ್ಪು ಮಾಡಿದ್ದೆ. ಮರುದಿನ ಬೆಳಿಗ್ಗೆ ಒಂದು ದೋಸೆಯೂ ಮೇಲೇಳಲಿಲ್ಲ, ಅವ್ವ ವಾರವಿಡೀ ಅದನ್ನೇ ಅಂದಳು.

ಪಿಜ್ಜಾಕ್ಕೆ ಘಮಕ್ಕೆ ಹಾಕುವ ಒರೆಗಾನೊ ಸೊಪ್ಪು ಇಲ್ಲವೇ? ಬಾಗಿಲ ಮುಂದಿನ ಕುಂಡದಿಂದ ಎರಡು ದೊಡ್ಡಪತ್ರೆ ಎಲೆ ಕಿತ್ತು ಸಣ್ಣಗೆ ಹೆಚ್ಚಿ ಹಾಕಿ. ಗಿಡ ಬೇರೆ, ಆದರೆ ಎರಡರ ಘಾಟಿಗೂ ಕಾರಣ ಒಂದೇ ಬಗೆಯ ಎಣ್ಣೆ. ಇಟಲಿಯವರು ಮಾರ್ಗರಿಟಾ ಪಿಜ್ಜಾ ಮೇಲೆ ಹಾಕುವ ಬೇಸಿಲ್ ಕೂಡ ನಮ್ಮ ಕಾಮಕಸ್ತೂರಿಯ ಜಾತಿಯೇ. ಹೂವಿನ ಜೊತೆ ಸಿಕ್ಕರೆ ನಾಲ್ಕು ಎಲೆ ದೇವರಿಗಿಂತ ಮೊದಲು ನಾನು ಎತ್ತಿಟ್ಟುಕೊಳ್ಳುತ್ತೇನೆ.

ಈಗ ಮುಖ್ಯ ಕೆಲಸ. ಇಟಲಿಯ ನೇಪಲ್ಸ್‌ನ ಕಟ್ಟಿಗೆ ಒಲೆಯಲ್ಲಿ ಶಾಖ 450 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರುತ್ತದೆ, ಪಿಜ್ಜಾ 60ರಿಂದ 90 ಸೆಕೆಂಡಿನಲ್ಲಿ ಬೇಯುತ್ತದೆ. ಅಲ್ಲಿ ಮೇಲೂ ಶಾಖ, ಕೆಳಗೂ ಶಾಖ. ನಮ್ಮ ಗ್ಯಾಸಿನಲ್ಲಿ ಕೆಳಗೆ ಮಾತ್ರ. ಮೊದಲ ಸಲ ಹಸಿ ಹಿಟ್ಟಿನ ಮೇಲೆಯೇ ಎಲ್ಲ ಪೇರಿಸಿದ್ದೆ, ತಳ ಸೀದು ಇದ್ದಿಲು, ಒಳಗೆ ಹಸಿ ಹಸಿ. ಅದಕ್ಕೇ ಮಗುಚಬೇಕು.

ಹಿಟ್ಟನ್ನು ನಾಲ್ಕು ಉಂಡೆ ಮಾಡಿ. ಒಂದೊಂದನ್ನೂ ಏಳು ಇಂಚು ಅಗಲಕ್ಕೆ ಕೈಯಲ್ಲೇ ತಟ್ಟಿ, ಜೋಳದ ರೊಟ್ಟಿ ತಟ್ಟುವ ಹಾಗೆ. ಹಂಚು ಮಧ್ಯಮ ಉರಿಯಲ್ಲಿ ನಾಲ್ಕು ನಿಮಿಷ ಕಾಯಲಿ. ರೊಟ್ಟಿ ಹಾಕಿ, ಮೇಲೆ ಗುಳ್ಳೆ ಎದ್ದು ಕೆಳಗೆ ಕಂದು ಚುಕ್ಕೆ ಬಂದಾಗ ಮಗುಚಿ ಉರಿ ಪೂರ್ತಿ ಸಣ್ಣ ಮಾಡಿ. ಈಗ ಬೆಂದ ಮುಖ ಮೇಲೆ ಬಂತಲ್ವಾ, ಅದರ ಮೇಲೆ ಸಾಸ್ ಸವರಿ, ಅಂಚು ಬಿಟ್ಟು. ತುರಿದ ಮೊಝರೆಲ್ಲಾ ಚೀಸ್ ಒಂದು ಹಿಡಿ. ಈರುಳ್ಳಿ, ದಪ್ಪ ಮೆಣಸಿನಕಾಯಿ ಹಾಕುವುದಾದರೆ ಮೊದಲೇ ಜೋರು ಉರಿಯಲ್ಲಿ ಎರಡು ನಿಮಿಷ ಹುರಿದಿರಿ, ಹಸಿಯದು ನೀರು ಬಿಟ್ಟು ರೊಟ್ಟಿಯನ್ನು ಪಿಚ್ಚಗೆ ಮಾಡುತ್ತದೆ. ಆಳದ ಬೋಗುಣಿ ಬೋರಲು ಮುಚ್ಚಿ. ತಟ್ಟೆ ಮುಚ್ಚಿದರೆ ಚೀಸ್ ಎಲ್ಲ ತಟ್ಟೆಗೇ. ನಾಲ್ಕೈದು ನಿಮಿಷಕ್ಕೆ ಕರಗುತ್ತದೆ. ಇಳಿಸುವ ಮುಂಚೆ ಅಂಚಿಗೆ ಚೂರು ಬೆಣ್ಣೆ. ದಾವಣಗೆರೆಯಲ್ಲಿದ್ದು ಅಷ್ಟೂ ಹಾಕದಿದ್ದರೆ ಹೇಗೆ?

"ಇದೇನೋ, ರೊಟ್ಟಿ ಮ್ಯಾಲೆ ಪಲ್ಯ ಹರವಿದಂಗೈತಿ" ಅಂದಿದ್ದ ಅವ್ವ ಈಗ ನನ್ನ ಪಾಲಿನಲ್ಲಿ ಅರ್ಧ ತಿನ್ನುತ್ತಾಳೆ. ಅವಳದ್ದಕ್ಕೆ ಮೇಲೆ ಶೇಂಗಾ ಚಟ್ನಿಪುಡಿ ಉದುರಿಸಬೇಕು.

ನಾಲ್ಕನೆಯದು ಹೆಂಡತಿಗೆ. ಹಿಟ್ಟಾಗಿ ಉಳಿಸುವುದಿಲ್ಲ. ಆಗಲೇ ಎರಡೂ ಕಡೆ ಬೇಯಿಸಿ ಬಟ್ಟೆಯಲ್ಲಿ ಸುತ್ತಿಡುತ್ತೇನೆ. ಗೇಟಿನ ಸದ್ದು ಕೇಳಿದ ಮೇಲೆ ಗ್ಯಾಸ್ ಹಚ್ಚಿದರೆ, ಅವಳು ಕೈಕಾಲು ತೊಳೆದು ಬರುವಷ್ಟರಲ್ಲಿ ಚೀಸ್ ಕರಗಿರುತ್ತದೆ.